ಏನೂ ತೊಂದರೆ ಇಲ್ಲದಿದ್ದರೂ ಲೈಂಗಿಕ ಸೋಂಕಿನ ಪರೀಕ್ಷೆ ಮಾಡಿಸಬೇಕಾ?

ನೀಲಿಕೊಡೆ:
ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದ ವಿಷಯ. ದಯವಿಟ್ಟು ಯಾರೂ ತಮಾಷೆ ಮಾಡಬೇಡಿ.

ನಾನೂ ನನ್ನ ಗೆಳೆಯನೂ ಜೊತೆಯಾಗಿ ಕೆಲವು ತಿಂಗಳಾಯಿತು. ಇಬ್ಬರಿಗೂ ಮುಂಚೆ ಬೇರೆ ಸಂಬಂಧಗಳಿದ್ದವು. ಅದನ್ನು ಇಬ್ಬರೂ ಮುಚ್ಚಿಟ್ಟಿಲ್ಲ. ಕಾಂಡೋಮ್ ಬಿಡುವ ಮಾತು ಬಂದಾಗ, ಮೊದಲು ಇಬ್ಬರೂ ಪರೀಕ್ಷೆ ಮಾಡಿಸೋಣ ಅಂದೆ. ಅವನ ಮುಖ ಸಣ್ಣದಾಯಿತು. "ನಿನಗೆ ನನ್ನ ಮೇಲೆ ಅನುಮಾನವಾ? ನನಗೇನಾದರೂ ಇದ್ದಿದ್ದರೆ ನನಗೇ ಗೊತ್ತಾಗುತ್ತಿರಲಿಲ್ವಾ?" ಅಂದ. ಹೋದ ವರ್ಷ ಫುಲ್ ಬಾಡಿ ಚೆಕಪ್ ಮಾಡಿಸಿದ್ದಾನೆ. ಎಲ್ಲ ನಾರ್ಮಲ್ ಬಂದಿದೆಯಂತೆ.

ಅವನ ಮಾತಿನಲ್ಲಿ ಅರ್ಥ ಇದೆಯಾ? ಏನೂ ಆಗದೇ ಇದ್ದಾಗಲೂ ಹೋಗಿ ಪರೀಕ್ಷೆ ಮಾಡಿಸಬೇಕಾ? ಒಂದು ರಕ್ತ ಪರೀಕ್ಷೆಯಲ್ಲಿ ಎಲ್ಲ ಗೊತ್ತಾಗುತ್ತಾ? ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು? ಗೊತ್ತಿದ್ದವರು ಹೇಳಿ.

ಹಾದಿಹೋಕ:
ನೀವು ಕೇಳಿದ್ದು ನೂರಕ್ಕೆ ನೂರು ಸರಿ. ಹಿಂಜರಿಯಬೇಡಿ.

ಲ್ಯಾಬ್‌ಕಿಟಕಿ:
ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಈ 'ಫುಲ್ ಬಾಡಿ ಚೆಕಪ್' ಅನ್ನುವ ನಂಬಿಕೆ ಬಹಳ ಜನರಿಗಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಂಥ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಇರುವುದು ಸಕ್ಕರೆ, ಕೊಲೆಸ್ಟ್ರಾಲ್, ಲಿವರ್, ಕಿಡ್ನಿ, ಥೈರಾಯ್ಡ್, ರಕ್ತಕಣಗಳ ಲೆಕ್ಕ. ಲೈಂಗಿಕ ಸೋಂಕಿನ ಪರೀಕ್ಷೆ ನೀವು ಹೆಸರು ಹೇಳಿ ಕೇಳದಿದ್ದರೆ ಅದರಲ್ಲಿ ಬಹುಪಾಲು ಇರುವುದೇ ಇಲ್ಲ. ಹಾಗಾಗಿ ಆ ರಿಪೋರ್ಟ್ ನಾರ್ಮಲ್ ಬಂದಿರುವುದು ಈ ಪ್ರಶ್ನೆಗೆ ಉತ್ತರವೇ ಅಲ್ಲ.

ಇನ್ನು ರಕ್ತದ ಮಾತು. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಇವು ರಕ್ತದಲ್ಲಿ ಗೊತ್ತಾಗುತ್ತವೆ. ಕ್ಲಮೀಡಿಯಾ, ಗೊನೊರಿಯಾ ರಕ್ತದಲ್ಲಿ ಸಿಗುವುದಿಲ್ಲ. ಅದಕ್ಕೆ ಮೂತ್ರ ಬೇಕು, ಇಲ್ಲವೇ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿಯಿಂದ ಸವರಿ ತೆಗೆದ ಸ್ಯಾಂಪಲ್) ಬೇಕು. ಆ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಅಥವಾ ಆರ್‌ಎನ್‌ಎ ಹುಡುಕುತ್ತಾರೆ. ಆ ಪರೀಕ್ಷೆಗೆ ನಾಟ್ ಅನ್ನುತ್ತಾರೆ. ಮಾಮೂಲಿ ಯೂರಿನ್ ರೊಟೀನ್ ಅದಲ್ಲ. ರೊಟೀನ್‌ನಲ್ಲಿ ಕೀವಿನ ಕಣ, ಸಕ್ಕರೆ, ಪ್ರೋಟೀನ್ ನೋಡುತ್ತಾರೆ ಅಷ್ಟೇ. ನನ್ನ ಕಿಟಕಿಗೆ ಬರುವ ಎಷ್ಟೋ ಜನ "ಯೂರಿನ್ ಕೊಟ್ಟಿದ್ದೆ, ಏನೂ ಇರಲಿಲ್ಲ" ಅನ್ನುತ್ತಾರೆ. ಕೊಟ್ಟಿದ್ದು ನಿಜ. ಆದರೆ ಅದರಲ್ಲಿ ಯಾರೂ ಇದನ್ನು ಹುಡುಕಿರಲಿಲ್ಲ.

ಖಡಕ್‌ಮಾತು:
ನನಗೆ ಇದು ಅತಿ ಅನ್ನಿಸುತ್ತೆ. ಉರಿ, ಹುಣ್ಣು, ಸ್ರಾವ ಏನಾದರೂ ಬಂದರೆ ಡಾಕ್ಟರ್ ಹತ್ತಿರ ಹೋಗಬೇಕು, ಒಪ್ಪುತ್ತೇನೆ. ಆರೋಗ್ಯವಾಗಿರುವವರನ್ನೆಲ್ಲ ಹಿಡಿದು ಪರೀಕ್ಷೆ ಮಾಡಿಸಿದರೆ ಸುಮ್ನೆ ಭಯ. ಅದರ ಮೇಲೆ ಸಂಬಂಧದಲ್ಲಿ ಬಿರುಕು ಬೇರೆ. ಆ ಹುಡುಗನಿಗೆ ಬೇಜಾರಾಗಿದ್ದರಲ್ಲಿ ತಪ್ಪೇನಿದೆ?

ಸಂಜೆಪಾಳಿ:
@ಖಡಕ್‌ಮಾತು, ನಾನು ನರ್ಸ್. ನಿಮ್ಮ ವಾದ ನಿಂತಿರುವುದೇ "ಸೋಂಕು ಇದ್ದರೆ ಲಕ್ಷಣ ಬರುತ್ತೆ" ಅನ್ನುವುದರ ಮೇಲೆ. ಅದೇ ತಪ್ಪು.

ಕ್ಲಮೀಡಿಯಾ ಬಂದ ಹೆಚ್ಚಿನ ಹೆಂಗಸರಿಗೆ ಏನೂ ಗೊತ್ತಾಗುವುದಿಲ್ಲ. ಗಂಡಸರಲ್ಲೂ ತುಂಬ ಜನಕ್ಕೆ ಗೊತ್ತಾಗಲ್ಲ. ಗಂಟಲಲ್ಲಿ ಗೊನೊರಿಯಾ ಇದ್ದವರಿಗೆ ಬಹುತೇಕ ಗಂಟಲು ನೋವು ಕೂಡ ಇರುವುದಿಲ್ಲ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರದಲ್ಲಿ ತಾನೇ ಮಾಯುತ್ತೆ. ಮಾಯಿತು ಅಂತ ಜನ ಸಮಾಧಾನಪಡುತ್ತಾರೆ, ಒಳಗೆ ರೋಗ ಮುಂದುವರಿಯುತ್ತಿರುತ್ತೆ. ಎಚ್‌ಐವಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತೇನೆ. ವಾಸಿಯಾಗುವಂಥ ನಾಲ್ಕು ಸೋಂಕುಗಳಿವೆ: ಕ್ಲಮೀಡಿಯಾ, ಗೊನೊರಿಯಾ, ಸಿಫಿಲಿಸ್, ಟ್ರೈಕೊಮೊನಿಯಾಸಿಸ್. 15ರಿಂದ 49 ವಯಸ್ಸಿನವರಲ್ಲಿ ಈ ನಾಲ್ಕೇ 2020ರಲ್ಲಿ 37 ಕೋಟಿಗಿಂತ ಹೆಚ್ಚು ಹೊಸ ಸೋಂಕು ತಂದಿವೆ. ದಿನಕ್ಕೆ 10 ಲಕ್ಷದ ಮೇಲೆ. ಇವರಲ್ಲಿ ಹೆಚ್ಚಿನವರಿಗೆ ಲಕ್ಷಣವೇ ಇಲ್ಲ. ಇಷ್ಟು ಜನ ಕೆಟ್ಟವರಾ? ಮೋಸಗಾರರಾ? ಇಲ್ಲ. ಗೊತ್ತಿಲ್ಲದೇ ಹಿಡಿಸಿಕೊಂಡು, ಗೊತ್ತಿಲ್ಲದೇ ಕೊಟ್ಟವರು.

ಬೆಳ್ಳಿಚುಕ್ಕಿ:
ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಮಗು ಆಗಲಿಲ್ಲ ಅಂತ ಪರೀಕ್ಷೆಗಳು ಶುರುವಾದವು. ಒಂದು ದಿನ ಗರ್ಭನಾಳದ ಎಕ್ಸ್‌ರೇ ಮಾಡಿದರು. ಒಳಗೆ ಒಂದು ದ್ರವ ಬಿಡುತ್ತಾರೆ, ಅದು ಎಲ್ಲಿಯವರೆಗೆ ಹರಿಯುತ್ತೆ ಅಂತ ಪರದೆ ಮೇಲೆ ಕಾಣುತ್ತೆ. ಗರ್ಭಕೋಶ ತುಂಬಿತು. ತ್ರಿಕೋನದ ಆಕಾರ ಸ್ಪಷ್ಟವಾಗಿ ಕಂಡಿತು. ಅಲ್ಲಿಂದ ಎರಡೂ ಕಡೆ ಸಣ್ಣ ಎಳೆ ಮುಂದೆ ಹೋಗಬೇಕಿತ್ತು. ಎಡಗಡೆ ಶುರುವಿನಲ್ಲೇ ನಿಂತಿತು. ಬಲಗಡೆ ಸ್ವಲ್ಪ ದೂರ ಹೋಗಿ ನಿಂತಿತು. ಡಾಕ್ಟರ್ "ಇನ್ನೊಂಚೂರು ಬಿಟ್ಟು ನೋಡೋಣ" ಅಂದರು. ಹೊಟ್ಟೆ ಹಿಂಡಿದ ಹಾಗೆ ನೋವಾಯಿತು, ಆದರೆ ಎಳೆ ಮುಂದಕ್ಕೆ ಹೋಗಲಿಲ್ಲ.

ಹಳೆಯ ಸೋಂಕಿನಿಂದ ನಾಳ ಮುಚ್ಚಿರಬಹುದು, ಹೆಚ್ಚಾಗಿ ಕ್ಲಮೀಡಿಯಾ ಅಂದರು. ನನಗೆ ಯಾವತ್ತೂ ಉರಿ ಇರಲಿಲ್ಲ, ಜ್ವರ ಇರಲಿಲ್ಲ. ಯಾವಾಗ ಬಂತು, ಯಾರಿಂದ ಬಂತು, ಇವತ್ತಿಗೂ ಗೊತ್ತಿಲ್ಲ. ಆಗಲೇ ಸಿಕ್ಕಿದ್ದರೆ ಒಂದು ವಾರದ ಮಾತ್ರೆಯಲ್ಲಿ ಮುಗಿಯುತ್ತಿತ್ತು. ನನಗೆ ಯಾರೂ ಒಮ್ಮೆಯೂ ಈ ಪರೀಕ್ಷೆಯ ಹೆಸರೇ ಹೇಳಿರಲಿಲ್ಲ.

ಹಾದಿಹೋಕ:
@ಬೆಳ್ಳಿಚುಕ್ಕಿ, ಬರೆದಿದ್ದಕ್ಕೆ ಧನ್ಯವಾದ. ಮನಸ್ಸು ಭಾರವಾಯಿತು.

ಖಡಕ್‌ಮಾತು:
@ಬೆಳ್ಳಿಚುಕ್ಕಿ, ನಿಮ್ಮ ವಿಷಯ ಓದಿ ನಿಜವಾಗಿ ಬೇಸರವಾಯಿತು. ಆದರೂ ಕೇಳುತ್ತೇನೆ, ಒಬ್ಬರಿಗೊಬ್ಬರು ನಿಷ್ಠೆಯಿಂದ ಇರುವ ಗಂಡ ಹೆಂಡತಿಗೂ ಪ್ರತಿ ವರ್ಷ ಬೇಕಾ?

ಸಂಜೆಪಾಳಿ:
ಒಳ್ಳೆ ಪ್ರಶ್ನೆ. ಎಲ್ಲರಿಗೂ ಒಂದೇ ಲೆಕ್ಕ ಇಲ್ಲ.

ಇಬ್ಬರೂ ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ, ಇಬ್ಬರಿಗೂ ಇಲ್ಲ ಅಂತ ಖಚಿತವಾಗಿ, ಬೇರೆ ಯಾರೂ ಇಲ್ಲದಿದ್ದರೆ ವರ್ಷ ವರ್ಷ ಓಡಾಡಬೇಕಾಗಿಲ್ಲ. ಆದರೆ "ಒಮ್ಮೆ ಸರಿಯಾಗಿ" ಅನ್ನುವ ಭಾಗವನ್ನೇ ಹೆಚ್ಚಿನವರು ಬಿಡುತ್ತಾರೆ. ಮದುವೆ ಆದ ತಕ್ಷಣ ಹಿಂದಿನ ಸೋಂಕು ಹೋಗಿಬಿಡುತ್ತಾ?

ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆ ಹೀಗಿದೆ. 13ರಿಂದ 64 ವಯಸ್ಸಿನ ಎಲ್ಲರೂ ಜೀವನದಲ್ಲಿ ಒಮ್ಮೆಯಾದರೂ ಎಚ್‌ಐವಿ ಪರೀಕ್ಷೆ ಮಾಡಿಸಬೇಕು. ಲೈಂಗಿಕವಾಗಿ ಸಕ್ರಿಯರಾಗಿರುವ 25ರ ಒಳಗಿನ ಹೆಂಗಸರು ಪ್ರತಿ ವರ್ಷ ಕ್ಲಮೀಡಿಯಾ, ಗೊನೊರಿಯಾ ನೋಡಿಸಿಕೊಳ್ಳಬೇಕು. 25 ದಾಟಿದವರು ಹೊಸ ಸಂಗಾತಿ ಬಂದಿದ್ದರೆ, ಅಥವಾ ಒಬ್ಬರಿಗಿಂತ ಜಾಸ್ತಿ ಸಂಗಾತಿ ಇದ್ದರೆ ಮಾಡಿಸಬೇಕು. ಗಂಡಸರ ಜೊತೆ ಸಂಬಂಧ ಇರುವ ಗಂಡಸರು ವರ್ಷಕ್ಕೊಮ್ಮೆಯಾದರೂ, ಸಂಗಾತಿಗಳು ಹೆಚ್ಚಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಎಚ್‌ಐವಿ ಬರದಂತೆ ಪ್ರೆಪ್ ಮಾತ್ರೆ ತೆಗೆದುಕೊಳ್ಳುವವರು ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ. ಬಸುರಿಯರು ಎಲ್ಲರೂ, ಯಾವ ಹಿನ್ನೆಲೆಯೇ ಇರಲಿ.

ಕೆಂಪುಗುಬ್ಬಿ:
ನನ್ನ ಗೆಳೆಯರ ಗುಂಪಿನಲ್ಲಿ ಒಬ್ಬ, ಸಂಬಂಧ ಆದ ಮೂರನೇ ದಿನಕ್ಕೆ ಹೋಗಿ ಎಚ್‌ಐವಿ ಪರೀಕ್ಷೆ ಮಾಡಿಸಿ, ನೆಗೆಟಿವ್ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ. ಅದು ಲೆಕ್ಕಕ್ಕೆ ಬರುತ್ತಾ?

ಲ್ಯಾಬ್‌ಕಿಟಕಿ:
ಬರಲ್ಲ. ಬೀಜ ಹಾಕಿದ ಮರುದಿನವೇ ಮೊಳಕೆ ಹುಡುಕಿದ ಹಾಗೆ ಅದು.

ಸೋಂಕು ತಗುಲಿದ ದಿನಕ್ಕೂ ಪರೀಕ್ಷೆಯಲ್ಲಿ ಸಿಗುವ ದಿನಕ್ಕೂ ನಡುವೆ ಅಂತರ ಇರುತ್ತೆ. ವಿಂಡೋ ಪೀರಿಯಡ್ ಅನ್ನುತ್ತೇವೆ. ಎಚ್‌ಐವಿಗೆ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ಆಂಟಿಜೆನ್-ಆಂಟಿಬಾಡಿ ಪರೀಕ್ಷೆಯಾದರೆ (ವೈರಸ್ಸಿನ ಒಂದು ಅಂಶ, ಅದರ ವಿರುದ್ಧ ದೇಹ ಮಾಡಿಕೊಳ್ಳುವ ಪ್ರತಿಕಾಯ, ಎರಡನ್ನೂ ನೋಡುವುದು) 18ರಿಂದ 45 ದಿನ. ಆಂಟಿಬಾಡಿ ಮಾತ್ರ ನೋಡುವ ಬಹುತೇಕ ರ‍್ಯಾಪಿಡ್ ಕಿಟ್, ಮನೆಯ ಕಿಟ್ ಇವುಗಳಿಗೆ 23ರಿಂದ 90 ದಿನ. ವೈರಸ್ಸನ್ನೇ ಹುಡುಕುವ ನಾಟ್ ಆದರೆ 10ರಿಂದ 33 ದಿನ. ಕ್ಲಮೀಡಿಯಾ, ಗೊನೊರಿಯಾಗೆ ಸುಮಾರು 2 ವಾರ ಬಿಟ್ಟು ಮಾಡಿಸಿದರೆ ಒಳ್ಳೆಯದು. ಸಿಫಿಲಿಸ್ ನಿಧಾನ. ಪೂರ್ತಿ ಖಚಿತವಾಗಲು 3 ತಿಂಗಳು ಹಿಡಿಯಬಹುದು.

ಲಕ್ಷಣ ಇದ್ದರೆ ಮಾತ್ರ ಈ ದಿನಗಳನ್ನು ಎಣಿಸುತ್ತ ಕೂರಬೇಡಿ. ಅವತ್ತೇ ಹೋಗಿ.

ಸಂಜೆಪಾಳಿ:
ಇದಕ್ಕೆ ಒಂದು ಸೇರಿಸಲೇಬೇಕು. ಎಚ್‌ಐವಿ ತಗುಲಿರಬಹುದು ಅನ್ನುವ ಅನುಮಾನ ಇದ್ದರೆ ಪರೀಕ್ಷೆಗೆ ಕಾಯುವುದಲ್ಲ, 72 ಗಂಟೆಯ ಒಳಗೆ ಡಾಕ್ಟರ್ ಹತ್ತಿರ ಓಡಬೇಕು. ಪೆಪ್ ಅನ್ನುವ ಔಷಧಿ ಇದೆ, 28 ದಿನ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಅದನ್ನು ಕೊಡುವುದಿಲ್ಲ. ನಿಮ್ಮ ಗೆಳೆಯ ಮೂರನೇ ದಿನ ಹೋದನಲ್ಲ, ಅವತ್ತು ಕೇಳಬೇಕಿದ್ದ ಪ್ರಶ್ನೆ ಅದು.

ಕೆಂಪುಗುಬ್ಬಿ:
ಈ ಪೆಪ್ ವಿಷಯ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ! ಅವನಿಗೆ ಈಗಲೇ ಹೇಳುತ್ತೇನೆ, ಮತ್ತೊಮ್ಮೆ ಪರೀಕ್ಷೆಗೂ ಕರೆದುಕೊಂಡು ಹೋಗುತ್ತೇನೆ.

ಓದುಗರಾಯ:
ರಕ್ತದಾನ ಮಾಡಿದರೆ ಅವರೇ ಎಲ್ಲ ಪರೀಕ್ಷೆ ಮಾಡುತ್ತಾರಲ್ಲ? ಒಂದೇ ಕಲ್ಲಿಗೆ ಎರಡು ಹಕ್ಕಿ.

ಲ್ಯಾಬ್‌ಕಿಟಕಿ:
ಬೇಡ. ಈ ಯೋಚನೆ ದಯವಿಟ್ಟು ಬಿಡಿ. ಮೇಲೆ ಹೇಳಿದ ವಿಂಡೋ ಪೀರಿಯಡ್ ಆ ರಕ್ತಕ್ಕೂ ಇದೆ. ನಿಮಗೆ ಅನುಮಾನ ಇರುವಾಗ ಕೊಟ್ಟ ರಕ್ತ ಪರೀಕ್ಷೆಯಲ್ಲಿ ಸಿಗದೇ ಹೋದರೆ ಅದು ಯಾರೋ ರೋಗಿಯ ಮೈಗೆ ಹೋಗುತ್ತೆ. ಕ್ಲಮೀಡಿಯಾ, ಗೊನೊರಿಯಾ ಅಲ್ಲಿ ನೋಡುವುದೂ ಇಲ್ಲ. ಅನುಮಾನ ಇದ್ದರೆ ಪರೀಕ್ಷಾ ಕೇಂದ್ರಕ್ಕೆ ಹೋಗಿ. ರಕ್ತದಾನ ಬೇರೆ, ಇದು ಬೇರೆ.

ಓದುಗರಾಯ:
ಹೌದು, ಹಾಗೆ ನೋಡಿದರೆ ಸರಿ. ರೋಗಿಯ ಕಡೆಯಿಂದ ಯೋಚಿಸಿರಲಿಲ್ಲ.

ಹೊಂಗೆನೆರಳು:
ನಾನು ಎಚ್‌ಐವಿ ಜೊತೆ ಬದುಕುತ್ತಿರುವವನು. ಇಲ್ಲಿ ಮಾತು ಮರ್ಯಾದೆಯಿಂದ ನಡೆಯುತ್ತಿದೆ, ಅದಕ್ಕೇ ಬರೆಯುತ್ತೇನೆ.

ನನಗೂ ಏನೂ ಲಕ್ಷಣ ಇರಲಿಲ್ಲ. ಆಗಿನ ನನ್ನ ಸಂಗಾತಿ ನೀಲಿಕೊಡೆಯವರ ಹಾಗೇ "ಇಬ್ಬರೂ ಮಾಡಿಸೋಣ" ಅಂದರು. ನನ್ನದು ಪಾಸಿಟಿವ್ ಬಂತು, ಅವರದ್ದು ನೆಗೆಟಿವ್. ರಿಪೋರ್ಟ್ ಕೈಗೆ ಬಂದಾಗ ನೆಲ ಕುಸಿಯಿತು ಅನ್ನಿಸಿದ್ದು ನಿಜ. ಆದರೆ ಕೌನ್ಸೆಲರ್ ಮೊದಲು ಕೇಳಿದ್ದು "ಊಟ ಮಾಡಿದಿರಾ?" ಅಂತ. ಆಮೇಲೆ ಕೂರಿಸಿಕೊಂಡು ಒಂದೊಂದೇ ಹೇಳಿದರು. ಬೇಗ ಗೊತ್ತಾಗಿದ್ದರಿಂದ ರೋಗನಿರೋಧಕ ಶಕ್ತಿ ಕುಗ್ಗುವ ಮೊದಲೇ ಮಾತ್ರೆ ಶುರುವಾಯಿತು. ದಿನಕ್ಕೊಂದು ಮಾತ್ರೆ. ಕೆಲವು ತಿಂಗಳಲ್ಲಿ ವೈರಸ್ ಪರೀಕ್ಷೆಯಲ್ಲಿ ಸಿಗದಷ್ಟು ಕಡಿಮೆಯಾಯಿತು. ಆ ಮಟ್ಟ ಹಾಗೇ ಇರುವವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ಇನ್ನೊಬ್ಬರಿಗೆ ಹರಡುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಪಾರ್ಟ್ನರ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಇಂಥ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು, ಸಂಗಾತಿಯಿಂದ ಸಂಗಾತಿಗೆ ಹರಡಿದ್ದು ಒಂದೂ ಸಿಗಲಿಲ್ಲ.

ಪರೀಕ್ಷೆ ಅಂದರೆ ಅನುಮಾನ ಅಂತ ಅಂದುಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಅವತ್ತು ಅವರು ಕೇಳದಿದ್ದರೆ ನಾನು ಇಷ್ಟು ಆರೋಗ್ಯವಾಗಿರುತ್ತಿರಲಿಲ್ಲ. ಅವರೂ ಇರುತ್ತಿರಲಿಲ್ಲವೇನೋ.

ನೀಲಿಕೊಡೆ:
@ಹೊಂಗೆನೆರಳು, ನಿಮ್ಮ ಈ ಉತ್ತರವನ್ನು ಅವನಿಗೆ ತೋರಿಸಬಹುದಾ?

ಹೊಂಗೆನೆರಳು:
ಖಂಡಿತ ತೋರಿಸಿ.

ಮೂಲೆಮನೆ:
ಇಷ್ಟೆಲ್ಲ ಯಾಕೆ? ಅನುಮಾನ ಬಂದರೆ ಒಂದು ಕೋರ್ಸ್ ಆಂಟಿಬಯಾಟಿಕ್ ನುಂಗಿದರೆ ಆಯಿತಲ್ಲ. ಬ್ಯಾಕ್ಟೀರಿಯಾ ತಾನೇ.

ಸಂಜೆಪಾಳಿ:
ದಯವಿಟ್ಟು ಹೀಗೆ ಮಾಡಬೇಡಿ, ಬೇರೆಯವರಿಗೂ ಹೇಳಬೇಡಿ. ಎಲ್ಲ ಬ್ಯಾಕ್ಟೀರಿಯಾಕ್ಕೂ ಒಂದೇ ಔಷಧಿ ಅಲ್ಲ. ಟ್ರೈಕೊಮೊನಿಯಾಸಿಸ್ ತರುವ ಟ್ರೈಕೊಮೊನಾಸ್ ಬ್ಯಾಕ್ಟೀರಿಯಾನೇ ಅಲ್ಲ, ಅದೊಂದು ಪರಾವಲಂಬಿ ಜೀವಿ. ಹರ್ಪಿಸ್, ಎಚ್‌ಐವಿ ವೈರಸ್. ಅವಕ್ಕೆ ಆಂಟಿಬಯಾಟಿಕ್ ಏನೂ ಮಾಡಲ್ಲ.

ಗೊನೊರಿಯಾ ಕಥೆ ಇನ್ನೂ ಗಂಭೀರ. ಸಲ್ಫಾ ಔಷಧಿ ಬಂತು, ಗೊನೊರಿಯಾ ಬ್ಯಾಕ್ಟೀರಿಯಾ ಅದನ್ನು ಮೀರಿತು. ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಎಲ್ಲವನ್ನೂ ಒಂದಾದ ಮೇಲೊಂದು ಮೀರಿತು. ಈಗ ಮುಖ್ಯವಾಗಿ ನಂಬಿರುವುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಒಂದನ್ನೇ. ಅದಕ್ಕೂ ಬಗ್ಗದ ತಳಿಗಳು ಕಾಣಿಸಿಕೊಂಡಿವೆ. ನಾವು ಅರ್ಧಂಬರ್ಧ ಮಾತ್ರೆ ನುಂಗಿದಷ್ಟೂ ಈ ದಾರಿ ಬೇಗ ಮುಚ್ಚುತ್ತೆ. ಅದೂ ಅಲ್ಲದೆ ಅರ್ಧ ಔಷಧಿ ನುಂಗಿ ಬಂದವರ ಪರೀಕ್ಷೆ ಸುಳ್ಳು ನೆಗೆಟಿವ್ ಬರುವ ಸಾಧ್ಯತೆಯೂ ಇದೆ.

ಮೂಲೆಮನೆ:
ಸರಿ, ಇಷ್ಟು ವಿಷಯ ಇದೆ ಅಂತ ಗೊತ್ತಿರಲಿಲ್ಲ. ಆದರೆ ಜನ ಹೀಗೆ ಮಾಡುವುದಕ್ಕೆ ಕಾರಣವೂ ಇದೆ. ಡಾಕ್ಟರ್ ಮುಂದೆ ಬಾಯಿ ಬಿಡೋಕೆ ನಾಚಿಕೆ. ಕೌಂಟರ್‌ನಲ್ಲಿ ಹೆಸರು ಕೂಗಿ ಪರೀಕ್ಷೆಯ ಹೆಸರನ್ನೂ ಗಟ್ಟಿಯಾಗಿ ಹೇಳಿದರೆ ಯಾರು ಮತ್ತೆ ಹೋಗುತ್ತಾರೆ? ನನಗೆ ಒಂದು ಕಡೆ ಹಾಗೇ ಆಯಿತು. ಹಿಂದೆ ನಿಂತಿದ್ದವರೆಲ್ಲ ನನ್ನ ಮುಖ ನೋಡಿದರು.

ಲ್ಯಾಬ್‌ಕಿಟಕಿ:
ಅದು ನಮ್ಮ ಕಡೆಯವರ ತಪ್ಪು, ಒಪ್ಪಲೇಬೇಕು. ಪರೀಕ್ಷೆಯ ಹೆಸರನ್ನು ಎಲ್ಲರ ಮುಂದೆ ಕೂಗುವಂತಿಲ್ಲ. ಹಾಗೆ ಆದರೆ ಅಲ್ಲೇ ಮೇಲಿನವರಿಗೆ ದೂರು ಕೊಡಿ. ಬಾಯಿ ಬಿಟ್ಟು ಹೇಳಲು ಕಷ್ಟ ಆದರೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಎಷ್ಟೋ ಜನ ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾರೆ, ನಮಗೂ ಅದು ಸುಲಭ.

ಸಂಜೆಪಾಳಿ:
ಮನೆಯಲ್ಲೇ ಮಾಡಿಕೊಳ್ಳುವ ಎಚ್‌ಐವಿ ಪರೀಕ್ಷೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದಲೇ ಅದನ್ನು ಶಿಫಾರಸು ಮಾಡುತ್ತಿದೆ. ಪಾಸಿಟಿವ್ ತೋರಿಸಿದರೆ ಅದೇ ಕೊನೆಯ ಮಾತಲ್ಲ. ಕೇಂದ್ರಕ್ಕೆ ಹೋಗಿ ಖಚಿತ ಮಾಡಿಕೊಳ್ಳಬೇಕು.

ಚಿಗುರೆಲೆ:
ನನಗೆ ಸ್ವಲ್ಪ ಬೇರೆ ದೂರು ಇದೆ. ನಾನು ಹೆಣ್ಣು, ಪ್ಯಾಪ್ ಪರೀಕ್ಷೆ ನಿಯಮಿತವಾಗಿ ಮಾಡಿಸುತ್ತೇನೆ. ಅದರಲ್ಲಿ ಈ ಸೋಂಕುಗಳೆಲ್ಲ ಬರುತ್ತವೆ ಅಂತ ಬಹಳ ಜನ ಹೇಳುತ್ತಾರೆ. ನಿಜವಾ?

ಲ್ಯಾಬ್‌ಕಿಟಕಿ:
ನಿಜ ಅಲ್ಲ. ಪ್ಯಾಪ್‌ನಲ್ಲಿ ನೋಡುವುದು ಗರ್ಭಕೊರಳಿನ ಜೀವಕೋಶಗಳು ಕ್ಯಾನ್ಸರ್ ಕಡೆಗೆ ತಿರುಗುತ್ತಿವೆಯಾ ಅಂತ. ಕ್ಲಮೀಡಿಯಾ, ಗೊನೊರಿಯಾ ಬೇಕಾದರೆ ಬೇರೆಯಾಗಿ ಕೇಳಬೇಕು. ಅದೇ ಸಮಯದಲ್ಲೇ ಸ್ವಾಬ್ ತೆಗೆಯಬಹುದು, ಎರಡು ಸಲ ಹೋಗಬೇಕಾಗಿಲ್ಲ.

ಚಿಗುರೆಲೆ:
ಮತ್ತೆ ಎಚ್‌ಪಿವಿ? ಗರ್ಭಕೊರಳಿನ ಕ್ಯಾನ್ಸರ್ ತರುವ ಆ ವೈರಸ್ಸಿನ ಪರೀಕ್ಷೆ ಗಂಡಸರಿಗೂ ಇದೆಯಾ?

ಸಂಜೆಪಾಳಿ:
ಗಂಡಸರಿಗೆ ಎಚ್‌ಪಿವಿ ತಪಾಸಣೆಗೆ ಅಂತ ಒಪ್ಪಿಗೆ ಪಡೆದ ಮಾಮೂಲಿ ಪರೀಕ್ಷೆ ಇಲ್ಲ. ಹೆಂಗಸರಿಗೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 30ರ ವಯಸ್ಸಿನಿಂದ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಅನ್ನುತ್ತೆ. ಎಚ್‌ಐವಿ ಇರುವ ಹೆಂಗಸರಿಗೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ. ಎಚ್‌ಪಿವಿ ಬಂದರೆ ಗಾಬರಿ ಬೇಡ. ಹೆಚ್ಚಿನವು ಒಂದೆರಡು ವರ್ಷದಲ್ಲಿ ದೇಹವೇ ಹೊರಹಾಕುತ್ತೆ. ಉಳಿದುಕೊಂಡಿದ್ದನ್ನು ಮಾತ್ರ ಗಮನಿಸಬೇಕು.

ಓದುಗರಾಯ:
ಗರ್ಭಕೊರಳಿನ ಕ್ಯಾನ್ಸರ್‌ಗೂ ಈ ವೈರಸ್‌ಗೂ ಇರುವ ನಂಟು ತೋರಿಸಿದ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅದೇ ವರ್ಷ ಎಚ್‌ಐವಿ ಕಂಡುಹಿಡಿದ ಫ್ರಾಂಸ್ವಾಸ್ ಬಾರೆ-ಸಿನುಸಿ, ಲ್ಯೂಕ್ ಮಾಂಟಾನ್ಯೆ ಅವರಿಗೂ ಅದೇ ಬಹುಮಾನದಲ್ಲಿ ಪಾಲು. ನನಗೆ ಇಂಥದ್ದು ಹುಡುಕಿ ಓದುವ ಅಭ್ಯಾಸ. ಸಿಫಿಲಿಸ್‌ಗೆ ಕಾರಣವಾದ ಬ್ಯಾಕ್ಟೀರಿಯಾ 1905ರಲ್ಲಿ ಸಿಕ್ಕಿತು, ಮರುವರ್ಷವೇ ವಾಸರ್‌ಮನ್ ರಕ್ತ ಪರೀಕ್ಷೆ ಬಂತು. ಆದರೆ ಪೆನಿಸಿಲಿನ್‌ನಿಂದ ಅದು ಗುಣವಾಗುತ್ತೆ ಅಂತ ಗೊತ್ತಾಗಿದ್ದು 1943ರಲ್ಲಿ. ನಡುವಿನ ಆ ವರ್ಷಗಳಲ್ಲಿ ಪಾಸಿಟಿವ್ ಬಂದವರ ಗತಿ ಯೋಚಿಸಿ. ಇವತ್ತು ಪರೀಕ್ಷೆಯೂ ಇದೆ, ಔಷಧಿಯೂ ಇದೆ, ಆದರೂ ಹೋಗುವುದಕ್ಕೆ ನಮಗೆ ಧೈರ್ಯ ಸಾಲುತ್ತಿಲ್ಲ.

ಚಿಗುರೆಲೆ:
ಗಂಡು ಮಕ್ಕಳಿಗೂ ಎಚ್‌ಪಿವಿ ಲಸಿಕೆ ಹಾಕಿಸಬೇಕಾ ಅಂತ ನಮ್ಮ ಮನೆಯಲ್ಲಿ ಚರ್ಚೆ ನಡೆಯುತ್ತಿದೆ. ವಿಷಯ ಬೇರೆ ಕಡೆ ಹೋಯಿತು, ಕ್ಷಮಿಸಿ.

ಸಂಜೆಪಾಳಿ:
ಹೋಗಲಿ ಬಿಡಿ, ಬೇಕಾದ ವಿಷಯವೇ. ಹಾಕಿಸಿದರೆ ಒಳ್ಳೆಯದು. ಗಂಟಲು, ಗುದದ್ವಾರ, ಶಿಶ್ನದ ಕ್ಯಾನ್ಸರ್‌ಗಳಿಗೂ ಎಚ್‌ಪಿವಿ ಕಾರಣವಾಗುತ್ತೆ. ಲೈಂಗಿಕ ಜೀವನ ಶುರುವಾಗುವ ಮೊದಲೇ ಹಾಕಿಸಿದರೆ ಪ್ರಯೋಜನ ಜಾಸ್ತಿ. ಹೆಪಟೈಟಿಸ್ ಬಿ ಲಸಿಕೆಯನ್ನೂ ಮರೆಯಬೇಡಿ.

ಖಡಕ್‌ಮಾತು:
ನಾನು ಇಲ್ಲಿಯವರೆಗೆ ಎಲ್ಲ ಓದಿದೆ. ಹಲವು ವಿಷಯ ಒಪ್ಪುತ್ತೇನೆ. ಆದರೆ ನನ್ನ ಒಂದು ಮಾತು ಹಾಗೇ ಉಳಿದಿದೆ. ಎಲ್ಲದಕ್ಕೂ ಪರೀಕ್ಷೆ ಮಾಡಿಸುವುದೂ ಅಪಾಯವೇ. ನನ್ನ ತಮ್ಮ ಹಲವು ಪರೀಕ್ಷೆ ಒಟ್ಟಿಗೆ ಮಾಡುವ ದೊಡ್ಡ ಪ್ಯಾನೆಲ್ ಮಾಡಿಸಿದ. ಹರ್ಪಿಸ್ ಆಂಟಿಬಾಡಿ ಪಾಸಿಟಿವ್ ಬಂತು. ಯಾವತ್ತೂ ಗುಳ್ಳೆ ಬಂದವನಲ್ಲ. ನಿದ್ದೆ ಬಿಟ್ಟ, ಹುಡುಗಿಯಿಂದ ದೂರವಾದ. ಮತ್ತೆ ಬೇರೆ ರೀತಿ ಪರೀಕ್ಷೆ ಮಾಡಿದಾಗ ಅದು ಸುಳ್ಳು ಪಾಸಿಟಿವ್ ಅಂತ ಗೊತ್ತಾಯಿತು. ಆ ಸಂಕಟಕ್ಕೆ ಯಾರು ಹೊಣೆ?

ಲ್ಯಾಬ್‌ಕಿಟಕಿ:
ಇಲ್ಲಿ ನೀವು ಹೇಳಿದ್ದು ಸರಿ. ಲಕ್ಷಣ ಇಲ್ಲದವರಿಗೆ ಹರ್ಪಿಸ್ ರಕ್ತ ಪರೀಕ್ಷೆಯನ್ನು ಮಾಮೂಲಿಯಾಗಿ ಮಾಡಬೇಡಿ ಅಂತಲೇ ಸಲಹೆ ಇದೆ. ಕಾರಣ ಇದೇ, ಸುಳ್ಳು ಪಾಸಿಟಿವ್ ಜಾಸ್ತಿ. ಗುಳ್ಳೆ ಬಂದಾಗ ಅದರಿಂದಲೇ ಸ್ವಾಬ್ ತೆಗೆದು ನೋಡುವುದು ಸರಿಯಾದ ದಾರಿ. ಹರ್ಪಿಸ್ ಬಹಳ ಸಾಮಾನ್ಯ ಕೂಡ. ಲೋಕದಲ್ಲಿ 50ರ ಒಳಗಿನವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಹರ್ಪಿಸ್ ವೈರಸ್ಸಿನ ಒಂದು ಬಗೆಯಾದ ಎಚ್‌ಎಸ್‌ವಿ-1 ಇದೆ. ತುಟಿ ಮೇಲೆ ಬರುವ ಜ್ವರದ ಗುಳ್ಳೆ ಹೆಚ್ಚಾಗಿ ಅದೇ.

ಹಾಗಾಗಿ 'ಎಲ್ಲ ಮಾಡಿ' ಅನ್ನಬೇಡಿ. ನಿಮ್ಮ ದೇಹದ ಯಾವ ಭಾಗದ ಸಂಪರ್ಕ ಆಗಿದೆ, ಎಷ್ಟು ದಿನವಾಯಿತು ಅಂತ ಹೇಳಿ, ಅದಕ್ಕೆ ತಕ್ಕ ಪರೀಕ್ಷೆ ಕೇಳಿ. ಬಾಯಿಯ ಸಂಪರ್ಕ ಇದ್ದವರ ಗಂಟಲಿನ ಸೋಂಕು ಮೂತ್ರದಲ್ಲಿ ಸಿಗಲ್ಲ. ಗುದದ ಸೋಂಕೂ ಹಾಗೇ. ಅಲ್ಲಿಂದಲೇ ಸ್ವಾಬ್ ಬೇಕು.

ಖಡಕ್‌ಮಾತು:
ಇದನ್ನು ಒಪ್ಪುತ್ತೇನೆ. ಯಾವುದು ಬೇಕು ಅಂತ ತಿಳಿದು ಮಾಡಿಸುವುದಕ್ಕೆ ನನ್ನ ವಿರೋಧ ಇಲ್ಲ. ತಮ್ಮನಿಗೂ ಇದನ್ನೇ ಯಾರಾದರೂ ಮೊದಲೇ ಹೇಳಬೇಕಿತ್ತು.

ತುಂಬಿದಕೊಡ:
ಬಸುರಿಯರ ಮಾತು ಒಂದೇ ಸಾಲಿನಲ್ಲಿ ಮುಗಿಯಿತು, ನನಗೆ ಅದು ಸಾಲದು ಅನ್ನಿಸಿತು. ನನ್ನ ಅಕ್ಕನಿಗೆ ಬಸುರಿನಲ್ಲಿ ಮೊದಲ ಭೇಟಿಯಲ್ಲೇ ಸಿಫಿಲಿಸ್ ಪರೀಕ್ಷೆ ಪಾಸಿಟಿವ್ ಬಂತು. ಮನೆಯಲ್ಲಿ ದೊಡ್ಡ ಗಲಾಟೆ. "ಯಾರಿಂದ ಬಂತು" ಅನ್ನುವುದೇ ಎಲ್ಲರ ಬಾಯಲ್ಲಿ. ಡಾಕ್ಟರಮ್ಮ ಒಬ್ಬರೇ ಶಾಂತವಾಗಿ "ಮೊದಲು ಮಗು, ಆಮೇಲೆ ಉಳಿದಿದ್ದು" ಅಂದರು. ಖಚಿತಪಡಿಸುವ ಇನ್ನೊಂದು ಪರೀಕ್ಷೆ ಮಾಡಿ, ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ಭಾವನಿಗೂ ಕೊಟ್ಟರು. ಮಗು ಆರೋಗ್ಯವಾಗಿ ಹುಟ್ಟಿತು.

ಚಿಕಿತ್ಸೆ ಆಗದಿದ್ದರೆ ಹೊಟ್ಟೆಯಲ್ಲೇ ಮಗು ಸಾಯಬಹುದು, ಹುಟ್ಟಿದ ಮಗುವಿಗೂ ರೋಗ ಬರಬಹುದು ಅಂತ ಆಮೇಲೆ ತಿಳಿಯಿತು. ಮನೆಯವರು ಗಲಾಟೆಯಲ್ಲಿ ಸಮಯ ಕಳೆದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕೋಪ ಬರುತ್ತೆ.

ಸಂಜೆಪಾಳಿ:
ಆ ಡಾಕ್ಟರ್ ಮಾಡಿದ್ದು ಸರಿಯಾದ ಕ್ರಮ. ಸಿಫಿಲಿಸ್‌ಗೆ ಎರಡು ಬಗೆಯ ರಕ್ತ ಪರೀಕ್ಷೆ ಇದೆ. ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಒಂದು ಬಗೆ, ಟಿಪಿಎಚ್‌ಎ ಇನ್ನೊಂದು ಬಗೆ. ಮೊದಲನೆಯದು ಕೆಲವೊಮ್ಮೆ ಬಸುರಿನಲ್ಲೂ, ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಯಲ್ಲೂ ಸುಮ್ನೆ ಪಾಸಿಟಿವ್ ಬರಬಹುದು. ಅದಕ್ಕೇ ಎರಡನ್ನೂ ಸೇರಿಸಿ ಓದಬೇಕು. ಚಿಕಿತ್ಸೆ ಆದ ಮೇಲೆ ಮೊದಲ ಬಗೆಯ ಪರೀಕ್ಷೆಯ ಅಂಕಿ ಇಳಿಯುತ್ತೆ. ಎರಡನೆಯದು ಹೆಚ್ಚಿನವರಲ್ಲಿ ಜೀವನಪೂರ್ತಿ ಪಾಸಿಟಿವ್ ಆಗೇ ಇರುತ್ತೆ. ವಾಸಿಯಾದವರು ಮುಂದೆಂದೋ ಅದನ್ನು ನೋಡಿ ಗಾಬರಿಯಾಗಬಾರದು. ಹಳೆಯ ರಿಪೋರ್ಟ್ ಎತ್ತಿಟ್ಟುಕೊಂಡಿರಿ.

ಕೆಂಪುಗುಬ್ಬಿ:
ಪಾಸಿಟಿವ್ ಬಂದರೆ ಹಳೆಯ ಸಂಗಾತಿಗೆ ಹೇಳಲೇಬೇಕಾ? ಮಾತೇ ಬಿಟ್ಟು ಎಷ್ಟೋ ಕಾಲವಾದವರಿಗೆ?

ಹೊಂಗೆನೆರಳು:
ಹೇಳಬೇಕು ಅಂತ ನನ್ನ ಅಭಿಪ್ರಾಯ. ನನಗೆ ಅದು ಪರೀಕ್ಷೆಗಿಂತ ಕಷ್ಟವಾಗಿತ್ತು. ಉದ್ದ ಕಥೆ ಬೇಡ. "ನನಗೆ ಹೀಗೆ ಬಂದಿದೆ, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ" ಅಂತ ಎರಡು ಸಾಲಿನ ಮೆಸೇಜ್ ಸಾಕು. ಯಾರ ತಪ್ಪು ಅನ್ನುವ ಮಾತು ತರಬೇಡಿ. ಕೆಲವು ಕೇಂದ್ರಗಳಲ್ಲಿ ನಿಮ್ಮ ಹೆಸರು ಹೇಳದೆ ಅವರೇ ತಿಳಿಸುವ ವ್ಯವಸ್ಥೆ ಇರುತ್ತೆ, ಕೇಳಿ ನೋಡಿ.

ಸಂಜೆಪಾಳಿ:
ಈಗಿನ ಸಂಗಾತಿಗೆ ಹೇಳದಿದ್ದರೆ ಚಿಕಿತ್ಸೆಯೇ ವ್ಯರ್ಥ. ನಿಮಗೆ ವಾಸಿಯಾಗುತ್ತೆ, ಅವರಿಂದ ಮತ್ತೆ ಬರುತ್ತೆ. ಕ್ಲಮೀಡಿಯಾ, ಗೊನೊರಿಯಾಗೆ ಇಬ್ಬರ ಚಿಕಿತ್ಸೆಯೂ ಮುಗಿದು 7 ದಿನ ಆಗುವವರೆಗೆ ಸಂಪರ್ಕ ಬೇಡ. ಸುಮಾರು 3 ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷೆ. ಮರುಸೋಂಕು ಅಷ್ಟು ಸಾಮಾನ್ಯ. ಔಷಧಿ ಮುಗಿದ ವಾರದಲ್ಲೇ ಓಡಬೇಡಿ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ಕಿ ಸುಮ್ನೆ ಪಾಸಿಟಿವ್ ತೋರಿಸಬಹುದು.

ಹಾದಿಹೋಕ:
ಕಾಂಡೋಮ್ ಸರಿಯಾಗಿ ಬಳಸುವವರಿಗೂ ಪರೀಕ್ಷೆ ಬೇಕಾ?

ಲ್ಯಾಬ್‌ಕಿಟಕಿ:
ಬೇಕು. ಕಾಂಡೋಮ್ ಬಹಳ ದೊಡ್ಡ ರಕ್ಷಣೆ, ಬಿಡಬೇಡಿ. ಆದರೆ ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್ ಚರ್ಮದಿಂದ ಚರ್ಮಕ್ಕೆ ಹರಡಬಲ್ಲವು. ಅದು ಮುಚ್ಚದ ಜಾಗದಲ್ಲೂ ಸೋಂಕು ಇರಬಹುದು. ಬಾಯಿಯ ಸಂಪರ್ಕಕ್ಕೆ ಎಷ್ಟು ಜನ ಬಳಸುತ್ತಾರೆ ಹೇಳಿ?

ನೀಲಿಕೊಡೆ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಇಬ್ಬರೂ ಕೂತು ಇಲ್ಲಿನ ಮಾತುಗಳನ್ನು ಓದಿದೆವು. ಬೆಳ್ಳಿಚುಕ್ಕಿ ಅವರದ್ದು ಓದುವಾಗ ಅವನು ಸುಮ್ಮನಾದ. ಆಮೇಲೆ ಹೇಳಿದ, ಅವನಿಗೆ ಅನುಮಾನದ ಬೇಜಾರಿಗಿಂತ ಹೆಚ್ಚಾಗಿ ಭಯ ಇತ್ತಂತೆ. ಏನಾದರೂ ಬಂದರೆ ನಾನು ಬಿಟ್ಟು ಹೋಗುತ್ತೇನೆ ಅಂತ. ಬಂದರೆ ಚಿಕಿತ್ಸೆ ಮಾಡಿಸೋಣ, ನನಗೂ ಬರಬಹುದಲ್ವಾ ಅಂದೆ. ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೇವೆ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ರಕ್ತದಲ್ಲಿ, ಕ್ಲಮೀಡಿಯಾ ಮತ್ತು ಗೊನೊರಿಯಾ ನಾಟ್. ಗಂಟಲಿನ ಸ್ವಾಬ್ ಕೂಡ ಕೇಳುತ್ತೇವೆ. ಹೋಗುವ ಮೊದಲು ಏನಾದರೂ ತಯಾರಿ ಬೇಕಾ? ಖಾಲಿ ಹೊಟ್ಟೆಯಲ್ಲಿ ಇರಬೇಕಾ?

ಬೆಳ್ಳಿಚುಕ್ಕಿ:
ಓದಿ ತುಂಬ ಖುಷಿಯಾಯಿತು. ಹೋಗಿ ಬನ್ನಿ.

ಲ್ಯಾಬ್‌ಕಿಟಕಿ:
ಖಾಲಿ ಹೊಟ್ಟೆ ಬೇಡ, ತಿಂದುಕೊಂಡೇ ಹೋಗಿ. ನಿಮ್ಮ ಗೆಳೆಯ ಮೂತ್ರ ಕೊಡುವುದಾದರೆ ಅದಕ್ಕೂ ಮುಂಚೆ ಒಂದು ಗಂಟೆಯಾದರೂ ಮೂತ್ರಕ್ಕೆ ಹೋಗಿರಬಾರದು. ಮಾಮೂಲಿ ಪರೀಕ್ಷೆಗೆ ನಡುವಿನ ಧಾರೆ ಹಿಡಿಯಿರಿ ಅನ್ನುತ್ತಾರೆ, ಇದಕ್ಕೆ ಉಲ್ಟಾ. ಶುರುವಿನ ಧಾರೆಯನ್ನೇ ಹಿಡಿಯಬೇಕು. ಸುಮಾರು 20ರಿಂದ 30 ಮಿಲಿ ಸಾಕು, ಡಬ್ಬಿ ತುಂಬಿಸಬೇಡಿ. ನಿಮಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ ಒಳ್ಳೆಯದು. ನೀವೇ ಬಾತ್‌ರೂಮಿನಲ್ಲಿ ತೆಗೆದು ಕೊಡಬಹುದು, ಹೇಗೆ ಅಂತ ಅಲ್ಲಿ ತೋರಿಸುತ್ತಾರೆ. ಇತ್ತೀಚೆಗೆ ಯಾವುದಾದರೂ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಅದನ್ನು ಮುಚ್ಚಿಡದೆ ಹೇಳಿ.

ನೀಲಿಕೊಡೆ:
ಬರೆದಿಟ್ಟುಕೊಂಡೆ. ರಿಪೋರ್ಟ್ ಬಂದ ಮೇಲೆ ಓದುವುದಕ್ಕೆ ಕಷ್ಟವಾದರೆ ಇಲ್ಲೇ ಕೇಳುತ್ತೇನೆ.

ಸಂಜೆಪಾಳಿ:
ಕೇಳಿ. ಆದರೆ ರಿಪೋರ್ಟಿನ ಫೋಟೊ ಹೆಸರಿನ ಸಮೇತ ಇಲ್ಲಿ ಹಾಕಬೇಡಿ.